ಕಣ್ಣಿನ ಸುತ್ತಲಿನ ಕಪ್ಪು ವರ್ತುಲ ಹಾಗೂ ಊತ: ಮನೆಮದ್ದು ಮತ್ತು ಮುನ್ನೆಚ್ಚರಿಕೆ

ಕಣ್ಣಿನ ಕೆಳಭಾಗದ ಚರ್ಮವು ಕಪ್ಪಾಗುವುದು ಹಾಗೂ ಬೆಳಗಿನ ವೇಳೆ ರೆಪ್ಪೆಗಳು ಊದಿಕೊಳ್ಳುವುದು ಎಲ್ಲ ವಯಸ್ಸಿನವರಲ್ಲಿಯೂ ಕಂಡುಬರುವ ತೊಂದರೆಗಳಾಗಿವೆ. ಬಹುತೇಕ ಸಂದರ್ಭಗಳಲ್ಲಿ ಇವು ಅಪಾಯಕಾರಿಯಲ್ಲ. ಸರಳ ಮನೆಮದ್ದುಗಳಿಂದ ಶಮನಗೊಳ್ಳುತ್ತವೆ. ಆದರೆ ಕೆಲವೊಮ್ಮೆ ಇದೇ ಊತವು ಮೂತ್ರಪಿಂಡ ಅಥವಾ ಥೈರಾಯ್ಡ್ ಗ್ರಂಥಿಯ ಕಾಯಿಲೆಯ ಮೊದಲ ಲಕ್ಷಣವಾಗಿರುತ್ತದೆ. ಆದ್ದರಿಂದ ಮನೆಮದ್ದು ಎಲ್ಲಿಯವರೆಗೆ ಸಾಕು, ಎಲ್ಲಿಂದ ಮುಂದೆ ವೈದ್ಯರ ಸಲಹೆ ಅಗತ್ಯ ಎಂಬುದನ್ನು ಹನುಮಂತನಗರ ಮತ್ತು ಸುತ್ತಮುತ್ತಲಿನ ಬಡಾವಣೆಗಳ ನಾಗರಿಕರ ಮಾಹಿತಿಗಾಗಿ ಈ ಕೆಳಗೆ ವಿವರಿಸಲಾಗಿದೆ.

1. ಕಾರಣಗಳು

ಕಣ್ಣಿನ ಸುತ್ತಲಿನ ಚರ್ಮವು ದೇಹದಲ್ಲಿಯೇ ಅತ್ಯಂತ ತೆಳುವಾದುದು. ಅದರ ಕೆಳಗಿನ ರಕ್ತನಾಳಗಳು ಹೊರಗೆ ಛಾಯೆಯಾಗಿ ಕಾಣುತ್ತವೆ. ನಿದ್ರೆ ಕಡಿಮೆಯಾದಾಗ ಮುಖ ಬಿಳಿಚಿಕೊಂಡು ಈ ಛಾಯೆ ಎದ್ದು ಕಾಣುತ್ತದೆ. ಇದಲ್ಲದೆ ಅನುವಂಶೀಯತೆ, ವಯಸ್ಸು, ಬಿಸಿಲು ಹಾಗೂ ಕಣ್ಣುಜ್ಜುವ ಅಭ್ಯಾಸ ಮುಖ್ಯ ಕಾರಣಗಳಾಗಿವೆ. ರಸ್ತೆಯ ಧೂಳು, ಪರಾಗ ಹಾಗೂ ಖಾಲಿ ನಿವೇಶನಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡದಿಂದ ಅಲರ್ಜಿ ಉಂಟಾದವರು ಪದೇ ಪದೇ ಕಣ್ಣುಜ್ಜುವುದರಿಂದ ಚರ್ಮ ಮತ್ತಷ್ಟು ಕಪ್ಪಾಗುತ್ತದೆ.

ರಕ್ತಹೀನತೆಯಲ್ಲಿಯೂ ಮುಖ ಬಿಳಿಚಿಕೊಳ್ಳುವುದರಿಂದ ಈ ಕಪ್ಪು ಹೆಚ್ಚಾಗಿ ಕಾಣುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-20) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಆಯಾಸ ಮತ್ತು ಏದುಸಿರು ಸಹ ಇರುವ ಮಹಿಳೆಯರು ಮುಖಕ್ಕೆ ಲೇಪನ ಹಚ್ಚುವುದಕ್ಕಿಂತ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ.

ಬೆಳಗಿನ ಊತಕ್ಕೆ ಕಾರಣವೇನೆಂದರೆ, ರಾತ್ರಿ ಮಲಗಿದಾಗ ದೇಹದ ನೀರಿನಂಶ ಕಣ್ಣಿನ ಸುತ್ತಲಿನ ಸಡಿಲ ಅಂಗಾಂಶದಲ್ಲಿ ಸೇರುತ್ತದೆ. ರಾತ್ರಿಯೂಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮುಂತಾದ ಉಪ್ಪಿನ ಪದಾರ್ಥ ಹೆಚ್ಚಾದಲ್ಲಿ ಊತವೂ ಹೆಚ್ಚುತ್ತದೆ. ಇಂತಹ ಊತವು ಎದ್ದು ಓಡಾಡಿದ ಕೆಲವು ಗಂಟೆಗಳಲ್ಲಿ ತಾನಾಗಿಯೇ ಇಳಿಯುತ್ತದೆ.

2. ಮನೆಯಲ್ಲಿ ಮಾಡಬಹುದಾದ ಉಪಚಾರಗಳು

ಅ) ತಣ್ಣನೆಯ ಬಟ್ಟೆ: ಶುಭ್ರವಾದ ಹತ್ತಿ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ಕಣ್ಣುಗಳ ಮೇಲೆ 10ರಿಂದ 15 ನಿಮಿಷ ಇಡಬೇಕು. ತಂಪಿನಿಂದ ರಕ್ತನಾಳಗಳು ಸಂಕುಚಿತಗೊಂಡು ಊತ ಇಳಿಯುತ್ತದೆ. ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ಒತ್ತಬಾರದು.

ಆ) ಸೌತೆಕಾಯಿ: ಗಾಂಧಿಬಜಾರಿನಿಂದ ತಂದ ಸಾಧಾರಣ ಸೌತೆಕಾಯಿಯೇ ಸಾಕು. ಚೆನ್ನಾಗಿ ತೊಳೆದು, ತಂಪು ಮಾಡಿ, ಬಿಲ್ಲೆಗಳಾಗಿ ಕತ್ತರಿಸಿ ಬಳಸಬೇಕು. ಇದರ ಗುಣ ಮುಖ್ಯವಾಗಿ ತಂಪು ಮತ್ತು ನೀರಿನಂಶದಿಂದ ಬರುತ್ತದೆ. ಇದು ಕಪ್ಪು ಬಣ್ಣವನ್ನು ಶಾಶ್ವತವಾಗಿ ತೆಗೆಯುವುದಿಲ್ಲ.

ಇ) ಚಹಾ ಡಿಕಾಕ್ಷನ್: ಸಕ್ಕರೆ, ಹಾಲು ಬೆರೆಸದ ಡಿಕಾಕ್ಷನ್ ಸೋಸಿ ತಣ್ಣಗಾದ ನಂತರ ಹತ್ತಿಯಲ್ಲಿ ಅದ್ದಿ ಮುಚ್ಚಿದ ರೆಪ್ಪೆಗಳ ಮೇಲೆ ಇಡಬಹುದು. ಚಹಾದಲ್ಲಿರುವ ಕೆಫೀನ್ ರಕ್ತನಾಳಗಳನ್ನು ಸ್ವಲ್ಪ ಸಮಯ ಸಂಕುಚಿತಗೊಳಿಸುತ್ತದೆ.

ಈ) ನಿದ್ರೆ ಮತ್ತು ದಿಂಬು: ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ರೆ ಅಗತ್ಯ. ತಲೆಯ ಭಾಗ ಸ್ವಲ್ಪ ಎತ್ತರದಲ್ಲಿದ್ದಲ್ಲಿ ಕಣ್ಣಿನ ಸುತ್ತ ನೀರು ಸೇರುವುದು ಕಡಿಮೆಯಾಗುತ್ತದೆ.

ಉ) ಆಹಾರ: ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸೇವಿಸಬೇಕು. ಕಬ್ಬಿಣಾಂಶಕ್ಕಾಗಿ ಸೊಪ್ಪು, ಹುರುಳಿ ಮತ್ತು ಕಾಳುಗಳನ್ನು ಸೇವಿಸಿ, ಊಟದಲ್ಲಿ ನಿಂಬೆರಸ ಬಳಸುವುದು ಉತ್ತಮ. ಊಟದ ಜೊತೆಯಲ್ಲಿಯೇ ಕಾಫಿ, ಚಹಾ ಕುಡಿದಲ್ಲಿ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ.

3. ಮಾಡಬಾರದ ಉಪಚಾರಗಳು

ಅ) ನಿಂಬೆರಸ, ಹರಳೆಣ್ಣೆ, ಜೇನುತುಪ್ಪ, ಎದೆಹಾಲು ಮುಂತಾದವುಗಳನ್ನು ಕಣ್ಣಿನೊಳಗೆ ಹಾಕಬಾರದು. ಇವು ಶುದ್ಧೀಕರಿಸಿದ ಔಷಧಗಳಲ್ಲದ ಕಾರಣ ಸೋಂಕು ತಗಲುವ ಸಂಭವವಿದೆ. ನಿಂಬೆರಸವನ್ನು ಕಣ್ಣಿನ ಕೆಳಗಿನ ಚರ್ಮಕ್ಕೂ ಹಚ್ಚಬಾರದು. ಉರಿಯುಂಟಾಗಿ, ಬಿಸಿಲು ಬಿದ್ದಲ್ಲಿ ಕಪ್ಪು ಹೆಚ್ಚಾಗುತ್ತದೆ.

ಆ) ಕೆಲವು ಸುರ್ಮ ಮತ್ತು ಕಾಡಿಗೆಗಳಲ್ಲಿ ಸೀಸದ ಅಂಶವಿರುತ್ತದೆ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ. ಶಿಶುಗಳ ಕಣ್ಣಿಗೆ ಕಾಡಿಗೆ ಹಚ್ಚದಿರುವುದು ಕ್ಷೇಮ.

ಇ) ಮುಖ ಬೆಳ್ಳಗಾಗುತ್ತದೆಂದು ನೆರೆಹೊರೆಯವರು ಹೇಳಿದ ಮುಲಾಮನ್ನು ವೈದ್ಯರ ಚೀಟಿಯಿಲ್ಲದೆ ಬಳಸಬಾರದು. ಇಂತಹ ಕೆಲವು ಮುಲಾಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಮೊದಲ ವಾರಗಳಲ್ಲಿ ಗುಣ ಕಂಡರೂ, ಬಹುಕಾಲ ಹಚ್ಚಿದಲ್ಲಿ ಚರ್ಮ ಇನ್ನಷ್ಟು ತೆಳುವಾಗುತ್ತದೆ. ರೆಪ್ಪೆಯ ಬಳಿ ಹಚ್ಚಿದಲ್ಲಿ ಕಣ್ಣಿನ ಒತ್ತಡ ಏರಿ, ಗ್ಲಾಕೋಮಾ ಉಂಟಾಗಿ ದೃಷ್ಟಿ ನಷ್ಟವಾಗುವ ಅಪಾಯವಿದೆ.

4. ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಅ) ಮಕ್ಕಳಲ್ಲಿ ಊತ: ಚಿಕ್ಕ ಮಗುವಿನ ಎರಡೂ ಕಣ್ಣುಗಳು ಬೆಳಗ್ಗೆ ಊದಿಕೊಂಡು ಕೆಲವು ದಿನಗಳವರೆಗೆ ಹಾಗೆಯೇ ಇದ್ದು, ನಂತರ ಕಾಲು ಅಥವಾ ಹೊಟ್ಟೆಯೂ ಊದಿಕೊಂಡಲ್ಲಿ, ಮೂತ್ರದಲ್ಲಿ ನೊರೆ ಕಂಡಲ್ಲಿ, ನೆಫ್ರೋಟಿಕ್ ಸಿಂಡ್ರೋಮ್ ಎಂಬ ಮೂತ್ರಪಿಂಡದ ಕಾಯಿಲೆ ಇರಬಹುದು. ಇದನ್ನು ಅಲರ್ಜಿ ಅಥವಾ ನಿದ್ರೆಗೇಡು ಎಂದು ಭಾವಿಸಿ ದಿನ ದೂಡುವುದುಂಟು. ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂಬ ಸರಳ ಪರೀಕ್ಷೆಯಿಂದ ಇದರ ಸುಳಿವು ದೊರೆಯುತ್ತದೆ. ಸಕಾಲದಲ್ಲಿ ಚಿಕಿತ್ಸೆ ನೀಡಿದಲ್ಲಿ ಹೆಚ್ಚಿನ ಮಕ್ಕಳಲ್ಲಿ ಊತ ಮತ್ತು ಪ್ರೋಟೀನ್ ನಷ್ಟ ಹತೋಟಿಗೆ ಬರುತ್ತವೆ. ಆದರೆ ಕಾಯಿಲೆ ಮರುಕಳಿಸಬಹುದಾದ್ದರಿಂದ ವೈದ್ಯರು ಸೂಚಿಸಿದ ದಿನಗಳಂದು ತಪ್ಪದೆ ತೋರಿಸಬೇಕು.

ಆ) ವಯಸ್ಕರಲ್ಲಿ: ಊತದೊಂದಿಗೆ ತೂಕ ಹೆಚ್ಚಳ, ಆಯಾಸ, ಚಳಿ ತಾಳಲಾಗದಿರುವುದು ಕಂಡಲ್ಲಿ ಥೈರಾಯ್ಡ್ ಪರೀಕ್ಷೆ ಅಗತ್ಯ. ಮಧುಮೇಹ ಮತ್ತು ಅಧಿಕ ರಕ್ತದೊತ್ತಡ ಇರುವವರು ಮೂತ್ರಪಿಂಡದ ಪರೀಕ್ಷೆಯನ್ನೂ ಮಾಡಿಸಬೇಕು.

ಇ) ಅದೇ ದಿನ ಆಸ್ಪತ್ರೆಗೆ: ಒಂದೇ ಕಣ್ಣು ಕೆಂಪಾಗಿ ಊದಿ, ಜ್ವರ ಬಂದು, ಕಣ್ಣು ಹೊರಳಿಸಿದಾಗ ನೋವಾದಲ್ಲಿ ಅಥವಾ ದೃಷ್ಟಿ ಮಸುಕಾದಲ್ಲಿ ಸೋಂಕು ಕಣ್ಣುಗುಳಿಯನ್ನು ಸೇರಿರುವ ಸಾಧ್ಯತೆ ಇದೆ. ಇಂತಹ ವೇಳೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು. ಮುಖ, ತುಟಿ ಊದಿ ಉಸಿರಾಟಕ್ಕೆ ತೊಂದರೆಯಾದಲ್ಲಿ 108 ಆಂಬುಲೆನ್ಸ್ ಸೇವೆಗೆ ಕರೆ ಮಾಡಬೇಕು.

5. ಸಮೀಪದಲ್ಲಿ ಲಭ್ಯವಿರುವ ಸೌಲಭ್ಯಗಳು

ಪ್ರಥಮವಾಗಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಮ್ಮ ಕ್ಲಿನಿಕ್‌ನಲ್ಲಿ ತೋರಿಸಬಹುದು. ಅಗತ್ಯವಿದ್ದಲ್ಲಿ ಅಲ್ಲಿನ ವೈದ್ಯರು ಮುಂದಿನ ಆಸ್ಪತ್ರೆಗೆ ಕಳುಹಿಸುತ್ತಾರೆ. ಕಣ್ಣಿನ ತಜ್ಞ ಚಿಕಿತ್ಸೆಗೆ ಚಾಮರಾಜಪೇಟೆಯ ಮಿಂಟೋ ಕಣ್ಣಿನ ಆಸ್ಪತ್ರೆ ಹನುಮಂತನಗರಕ್ಕೆ ಸಮೀಪದಲ್ಲಿದೆ. 1896ರಲ್ಲಿ ಆರಂಭವಾಗಿ 1913ರಲ್ಲಿ ಈಗಿನ ಕಟ್ಟಡಕ್ಕೆ ಬಂದ ಈ ಸರ್ಕಾರಿ ಆಸ್ಪತ್ರೆಯು ಬೆಂಗಳೂರು ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆಗೆ ಸೇರಿದೆ. ಮಕ್ಕಳ ಊತಕ್ಕೆ ಮೊದಲು ಮಕ್ಕಳ ವೈದ್ಯರನ್ನೇ ಕಾಣುವುದು ಸೂಕ್ತ. ಆಯುರ್ವೇದ ಚಿಕಿತ್ಸೆ ಬಯಸುವವರು ಧನ್ವಂತರಿ ರಸ್ತೆಯ ಸರ್ಕಾರಿ ಆಯುರ್ವೇದ ಆಸ್ಪತ್ರೆಯ ನೋಂದಾಯಿತ ವೈದ್ಯರನ್ನು ಕಾಣಬಹುದು.

ಆಸ್ಪತ್ರೆಗೆ ಹೋಗುವಾಗ ಗುರುತಿನ ಚೀಟಿ, ಪಡಿತರ ಚೀಟಿ, ಹಿಂದಿನ ಚಿಕಿತ್ಸೆಯ ಕಾಗದಪತ್ರಗಳು ಹಾಗೂ ಬಳಸುತ್ತಿರುವ ಮುಲಾಮು, ಮಾತ್ರೆಗಳನ್ನು ಜೊತೆಯಲ್ಲಿ ಒಯ್ಯತಕ್ಕದ್ದು. ಊತವು ಯಾವ ದಿನದಿಂದ, ಯಾವ ವೇಳೆಯಲ್ಲಿ ಹೆಚ್ಚಾಗಿದೆ ಎಂಬುದನ್ನು ಬರೆದಿಟ್ಟುಕೊಂಡಲ್ಲಿ ವೈದ್ಯರಿಗೆ ಅನುಕೂಲವಾಗುತ್ತದೆ.

ಎರಡು ವಾರಗಳ ಮನೆಮದ್ದಿನಿಂದ ಗುಣ ಕಾಣದಿದ್ದಲ್ಲಿ ಅಥವಾ ಮೇಲೆ 4ರಲ್ಲಿ ತಿಳಿಸಿದ ಯಾವುದೇ ಲಕ್ಷಣ ಕಂಡಲ್ಲಿ, ತಡಮಾಡದೆ ವೈದ್ಯರನ್ನು ಸಂಪರ್ಕಿಸಲು ಸಾರ್ವಜನಿಕರಲ್ಲಿ ಕೋರಲಾಗಿದೆ.