ದಿನಕ್ಕೊಂದು ಅಧ್ಯಾಯ

ಆಂಧ್ರದ ಮಾಧವರಂ ಕಡೆಯಿಂದ ತುಂಗಭದ್ರೆ ದಾಟಿದರೆ ಕರ್ನಾಟಕದ ರಾಯಚೂರು ಜಿಲ್ಲೆ. ಈಚೆ ದಡದಲ್ಲಿ ಕಚೇರಿಯ ಬೋರ್ಡು ತೆಲುಗು, ಎಷ್ಟೋ ಮನೆಗಳ ಒಳಗಿನ ಮಾತು ಕನ್ನಡ. ಇಂಥ ಗಡಿಯೂರಿನ ಕ್ರೈಸ್ತ ಕುಟುಂಬವೊಂದು ದಿನವೂ ಸತ್ಯವೇದ ಓದಬೇಕೆಂದು ಮನಸ್ಸು ಮಾಡಿತೆನ್ನಿ. ಮೊದಲು ಎದುರಾಗುವ ಪ್ರಶ್ನೆ, ಯಾವ ಅಕ್ಷರದಲ್ಲಿ? ಅಜ್ಜಿಗೆ ಕನ್ನಡ ಕಿವಿಗೆ ಬಿದ್ದರೆ ಸಾಕು, ಓದಲು ಬಾರದು. ಮೊಮ್ಮಗ ಶಾಲೆಯಲ್ಲಿ ಕಲಿತದ್ದು ತೆಲುಗು.

ವಿಚಿತ್ರವೆಂದರೆ, ಕನ್ನಡ ಬೈಬಲ್ ಹುಟ್ಟಿದ್ದು ಇವರದೇ ಹಳೆಯ ಜಿಲ್ಲೆಯಲ್ಲಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾಗುವವರೆಗೂ ಈ ಸೀಮೆಯ ಆದೋನಿ ತಾಲೂಕು ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆ ಬಳ್ಳಾರಿಗೆ 1810ರಲ್ಲಿ ಬಂದವರು ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್. ಭಾಷೆ ಕಲಿಯುತ್ತಲೇ ಅನುವಾದಕ್ಕೆ ಕೈಹಾಕಿದರು. ಮುಂದೆ ವಿಲಿಯಂ ರೀವ್ ಜೊತೆಗೂಡಿದರು. ಪೂರ್ಣ ಬೈಬಲ್ ಕನ್ನಡದಲ್ಲಿ ಬಂದದ್ದು 1831ರಲ್ಲಿ. ಅಂದರೆ ಹ್ಯಾಂಡ್ಸ್ ಬಂದಿಳಿದ ಮೇಲೆ ಇಪ್ಪತ್ತೊಂದು ವರ್ಷ! ದಿನಕ್ಕಿಷ್ಟು ವಚನವೆಂದು ಕೂತು ಮಾಡಿದ ಕೆಲಸವೇ ಹೊರತು ಒಂದೇ ಹುಮ್ಮಸ್ಸಿನಲ್ಲಿ ಆಗುವಂಥದ್ದಲ್ಲ. ಓದುವವರೂ ಅದೇ ನಿಧಾನವನ್ನು ಹಿಡಿಯುವುದು ಒಳ್ಳೆಯದು.

ಲೆಕ್ಕ ನೋಡಿದರೆ ಭಾರವೇನಿಲ್ಲ. ಪ್ರಾಟೆಸ್ಟಂಟರ ಬೈಬಲ್‌ನಲ್ಲಿ 66 ಪುಸ್ತಕ, 1,189 ಅಧ್ಯಾಯ. ವಾರದ ದಿನ ಮೂರು, ಭಾನುವಾರ ಐದು ಅಧ್ಯಾಯ ಓದಿದರೆ ವರ್ಷದೊಳಗೆ ಮುಗಿಯುತ್ತದೆ. ಹೊಸ ವರ್ಷದ ಆರಾಧನೆ ಮುಗಿಸಿ ಬಂದವರು ಹೀಗೆ ಶುರುಮಾಡುವುದೂ ಉಂಟು. ಆದಿಕಾಂಡದಲ್ಲಿ ಯೋಸೇಫನ ಕಥೆ ಓದುವಾಗ ಪುಟ ತಿರುಗಿದ್ದೇ ತಿಳಿಯುವುದಿಲ್ಲ. ವಿಮೋಚನಕಾಂಡದ ಕೊನೆಗೆ ಗುಡಾರದ ಅಳತೆಗಳು ಬರುತ್ತವೆ. ಜನವರಿ ಮುಗಿಯುವ ಹೊತ್ತಿಗೆ ಯಾಜಕಕಾಂಡ, ಬಲಿಯ ವಿಧಿಗಳು. ಅನೇಕರ ಪುಟಗುರುತಿನ ಕೆಂಪು ಪಟ್ಟಿ ಅಲ್ಲಿಂದ ಮುಂದೆ ಸರಿಯುವುದೇ ಇಲ್ಲ. ಹೊಸಬರು ಹದಿನಾರೇ ಅಧ್ಯಾಯದ ಮಾರ್ಕನ ಸುವಾರ್ತೆಯಿಂದ ಹೊರಡುವುದು ಮೇಲು. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ. ಇವತ್ತು ತಾರೀಕು ಎಷ್ಟೋ ಅಷ್ಟನೆಯದನ್ನು ತೆರೆದರಾಯಿತು, ಎಲ್ಲಿ ನಿಲ್ಲಿಸಿದ್ದೆವೆಂದು ಹುಡುಕುವ ಕೆಲಸವೇ ಇಲ್ಲ.

ವರ್ಷದ ಓದಿಗೆ ಹೆಸರಾಂತ ಪಟ್ಟಿ ಹಾಕಿಕೊಟ್ಟವರು ಸ್ಕಾಟ್ಲೆಂಡಿನ ಡಂಡಿ ಪಟ್ಟಣದ ಸಭಾಪಾಲಕ ರಾಬರ್ಟ್ ಮರ್ರೇ ಮೆಕ್‌ಚೇನ್. 1842ರಲ್ಲಿ ತಮ್ಮ ಸಭೆಗಾಗಿ ಬರೆದರು: ಹಳೆಯ ಒಡಂಬಡಿಕೆ ಒಮ್ಮೆ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಆ ಪಟ್ಟಿಗಿಂತ ಅದರ ಜೊತೆ ಅವರು ಬರೆದ ಎಚ್ಚರಿಕೆ ದೊಡ್ಡದು. ಓದು ಬರೀ ಶಾಸ್ತ್ರಕ್ಕಾದೀತು, ಓದಿ ಮುಗಿಸಿದೆನೆಂಬ ಹಮ್ಮು ಬಂದೀತು, ಗಮನವಿಲ್ಲದೆ ಕಣ್ಣು ಓಡೀತು, ಕೆಲವರಿಗೆ ಹೊರಲಾರದ ನೊಗವಾದೀತು ಎಂದು ಅವರೇ ಹೇಳಿಟ್ಟರು. ಮರುವರ್ಷವೇ, 29ನೇ ವಯಸ್ಸಿನಲ್ಲಿ ತೀರಿಕೊಂಡರು.

ಹಾಗಾದರೆ ಅಭ್ಯಾಸ ಕೂರುವುದು ಹೇಗೆ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಮಂದಿಯನ್ನು 12 ವಾರ ಗಮನಿಸಿದರು. ಇವರು ನೋಡಿದ್ದು ಊಟ, ಪಾನೀಯ, ವ್ಯಾಯಾಮದ ಅಭ್ಯಾಸಗಳನ್ನು. ದಿನವೂ ಒಂದೇ ಸಂದರ್ಭಕ್ಕೆ, ಉದಾಹರಣೆಗೆ ತಿಂಡಿಯಾದ ಮೇಲೆ ಎಂಬಂತೆ, ಹೊಸ ಕೆಲಸವನ್ನು ಕಟ್ಟಿಕೊಂಡವರಿಗೆ ಅದು ತಾನಾಗಿ ನಡೆಯತೊಡಗಲು ಸುಮಾರು 66 ದಿನ ಬೇಕಾಯಿತು. ಒಬ್ಬರಿಗೆ 18 ದಿನವಾದರೆ ಇನ್ನೊಬ್ಬರಿಗೆ 254 ಎಂಬ ಅಂದಾಜು ಬಂತು. ಒಂದು ದಿನ ತಪ್ಪಿದ್ದರಿಂದ ಹೆಚ್ಚಿನ ನಷ್ಟವಾಗಲಿಲ್ಲ. ತಪ್ಪಿತೆಂದು ಪಾಪಪ್ರಜ್ಞೆಯಿಂದ ಪುಸ್ತಕವನ್ನೇ ಮುಚ್ಚಿಡುವ ಭಕ್ತರಿಗೆ ಇದಕ್ಕಿಂತ ಸಮಾಧಾನದ ಮಾತಿಲ್ಲ.

ಆದರೆ ಈ ಗಡಿಯ ಹತ್ತಿಯ ಸೀಮೆಯಲ್ಲಿ ತಿಂಡಿಯ ಹೊತ್ತೇ ಸ್ಥಿರವಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ಹೆಂಗಸರು ಬೆಳಕು ಹರಿಯುವಾಗಲೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಡುತ್ತಾರೆ. ಪಶ್ಚಿಮ ಕರ್ನೂಲಿನ ಎಷ್ಟೋ ಮನೆಗಳು ಬೀಗ ಹಾಕಿ, ಮಕ್ಕಳುಮರಿ ಸಮೇತ ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಹೋಗುತ್ತವೆ. ಗುಡಿಸಲಲ್ಲಿ ದೀಪವಿದ್ದರೆ ಇತ್ತು. ಅಂಥವರಿಗೆ ಬೆಳಗಿನ ಶಾಂತ ಮೌನದಲ್ಲಿ ಟೀ ಹಿಡಿದು ಓದಿರೆಂದು ಉಪದೇಶ ಮಾಡುವುದು ನ್ಯಾಯವಲ್ಲ. ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಮೇಲೆ, ಚಾಪೆ ಹಾಸುವ ಮುನ್ನ, ಎನ್ನುವುದೇ ಅವರ ಗಡಿಯಾರ. ಆ ಹೊತ್ತು ಎಲ್ಲಿಗೆ ಹೋದರೂ ಜೊತೆಗೆ ಬರುತ್ತದೆ. ಮೊಬೈಲಿನಲ್ಲಿ ಕನ್ನಡ ಬೈಬಲ್ ಓದಿ ಹೇಳುವ ಆ್ಯಪ್‌ಗಳಿವೆ. ಕಣ್ಣು ಸೋತವರೂ ಕೇಳಬಹುದು.

ಆದರೂ ಮನೆಯವರ ಬಾಯಿಂದ ಕೇಳುವುದೇ ಬೇರೆ. ಮೊಮ್ಮಗನ ಮುಂದೆ ಕನ್ನಡ ಸತ್ಯವೇದ ಇಟ್ಟು ನೋಡಬೇಕು. ತೆಲುಗು ಬಲ್ಲವನಿಗೆ ಗ, ದ, ನ, ರ ಹೊಸದೆನಿಸುವುದಿಲ್ಲ. ಕ ಮತ್ತು ತ ಬಂದಲ್ಲಿ ತಲೆಕಟ್ಟು ನೋಡಿ ಒಂದು ಗಳಿಗೆ ತಡೆಯುತ್ತಾನೆ, ಉದ್ದದ ಒತ್ತಕ್ಷರದ ಪದಗಳಲ್ಲಿ ಎಡವುತ್ತಾನೆ. 117ನೇ ಕೀರ್ತನೆ ಅವನ ಅಳತೆಗೆ ಸರಿ, ಎರಡೇ ವಚನ. ಬೆರಳಿಟ್ಟುಕೊಂಡು ಒಂದೊಂದೇ ಪದ ಕೂಡಿಸುತ್ತಾ ಹೋಗುವಾಗ ಎಲ್ಲೋ ಒಂದು ದೀರ್ಘ ತಪ್ಪುತ್ತದೆ. ಅಕ್ಷರ ಬಾರದ ಅಜ್ಜಿ, ಸಭೆಯಲ್ಲಿ ವರ್ಷಗಟ್ಟಲೆ ಕೇಳಿ ಬಾಯಿಪಾಠವಾದ ಆ ಪದವನ್ನು ಚಾಪೆಯ ಮೇಲಿಂದಲೇ ತಿದ್ದಿ ಹೇಳುತ್ತಾಳೆ. ಹುಡುಗ ಮತ್ತೆ ವಚನದ ಮೊದಲಿಗೆ ಬೆರಳು ತರುತ್ತಾನೆ.