ಕೊರವ ಬಿಡೋ ಮೊದಲು ಅದರ ಊಟ ಬಿಡಿ

ಕೆ.ಆರ್. ಪುರಂ, ಇಂದಿರಾನಗರದ ಐಟಿ ಮಂದಿಗೆ ಈಗ ಒಂದು ಹೊಸ ಹುಚ್ಚು. ಹೊಸಕೋಟೆ ಕಡೆ ಒಂದಿಷ್ಟು ಜಮೀನು, ಅದರಲ್ಲೊಂದು ಕೃಷಿ ಹೊಂಡ, ಹೊಂಡದಲ್ಲಿ ಮೀನು. ನಮ್ಮ ಸೋದರಮಾವನಿಗೂ ಅಲ್ಲೊಂದು ಹೊಂಡವಿದೆ. ಈ ಸಲ ಅವರ ಆಸೆ ಕೊರವ ಮೀನು. "ಇನ್ನೂರು ಮರಿ ಬಿಡೋಣ ಕಣೋ, ಒಳ್ಳೇ ರೇಟಿದೆ" ಅಂದ್ರು.

ರೇಟಿನ ಮಾತು ನಿಜ. ಕೊರವ ನೇರವಾಗಿ ಗಾಳಿಯನ್ನೇ ಉಸಿರಾಡುತ್ತೆ. ಹಾಗಾಗಿ ಸ್ವಲ್ಪವೇ ನೀರಿರೋ ಟಬ್ಬಿನಲ್ಲಿ ಜೀವಂತವಾಗಿಯೇ ಮಾರಬಹುದು. ಆದರೆ ಅದು ಕಟ್ಲಾ, ರೋಹು ಥರ ತೌಡು, ಹಿಂಡಿ ತಿಂದು ಬೆಳೆಯೋದಲ್ಲ. ಅದು ಬೇಟೆ ಮೀನು. ಹೊಟ್ಟೆ ತುಂಬದಿದ್ದರೆ ತನ್ನದೇ ಜಾತಿಯ ಚಿಕ್ಕ ಮರಿಗಳನ್ನೂ ನುಂಗಿಬಿಡುತ್ತೆ.

ಮಾವನ ಜೊತೆ ಕೂತು ಲೆಕ್ಕ ಹಾಕಿದೆ. ಬೇಟೆ ಮೀನು ಒಂದು ಕೆಜಿ ಬೆಳೆಯೋಕೆ ಸುಮಾರು 5ರಿಂದ 10 ಕೆಜಿ ಸಣ್ಣ ಮೀನು ತಿನ್ನಬೇಕು. ಇನ್ನೂರು ಕೊರವ ತಲಾ ಒಂದು ಕೆಜಿ ಆಗಬೇಕಂದ್ರೆ ಕಡಿಮೆ ಅಂದ್ರೂ ಒಂದು ಟನ್. ನಮ್ಮ ಹೊಂಡ 21 ಮೀಟರ್ ಉದ್ದ, 21 ಮೀಟರ್ ಅಗಲ, ಅಂದ್ರೆ ನಾಲ್ಕು ಗುಂಟೆಗಿಂತ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಒಂದು ಟನ್ ಸಣ್ಣ ಮೀನು ಹುಟ್ಟೋ ಮಾತೇ ಇಲ್ಲ.

ಅಮೆರಿಕದಲ್ಲಿ ಸ್ವಂತ ಕೊಳದಲ್ಲಿ ಬಾಸ್ ಮೀನು ಸಾಕೋರು ಮೊದಲು ಬ್ಲೂಗಿಲ್ ಅನ್ನೋ ಸಣ್ಣ ಮೀನು ಬಿಡ್ತಾರೆ. ಅದು ನೆಲೆಯೂರಿದ ಮೇಲೆ, ಮುಂದಿನ ವರ್ಷ ಬಾಸ್. ಇಲ್ಲಿಗೂ ಅದೇ ಕ್ರಮ ಸರಿ. ಆದರೆ ಯಾವ ಸಣ್ಣ ಮೀನು?

ಕಟ್ಲಾ, ರೋಹು ಮರಿ ಸುಲಭವಾಗಿ ಸಿಗುತ್ತೆ, ಆದರೆ ನಿಂತ ನೀರಲ್ಲಿ ಅವು ಮರಿ ಮಾಡಲ್ಲ. ತಿಂದು ಮುಗಿದರೆ ಮತ್ತೆ ದುಡ್ಡು ಕೊಟ್ಟು ತರಬೇಕು. ಜಿಲೇಬಿ ಮೀನು, ಅಂದ್ರೆ ತಿಲಾಪಿಯಾ, ಎರಡು ಮೂರು ತಿಂಗಳಿಗೇ ಮರಿ ಮಾಡೋಕೆ ಶುರು. ಮಾವ ತಕ್ಷಣ ಅದಕ್ಕೇ ಕೈ ಎತ್ತಿದ್ರು.

ನಾನು ಬೇಡ ಅಂದೆ. ಜೋರು ಮಳೆಗೆ ಹೊಂಡ ತುಂಬಿ ಹರಿದರೆ ನೀರು ಹೋಗೋದು ಊರ ಕೆರೆಗೆ. ಆ ಕೆರೆಯನ್ನ ಗುತ್ತಿಗೆ ಹಿಡಿದು ಮರಿ ಬಿಟ್ಟಿರೋರು ಮೀನುಗಾರರು. 1952ರಲ್ಲಿ ಭಾರತಕ್ಕೆ ಬಂದ ಜಿಲೇಬಿ ಈಗಾಗಲೇ ಎಷ್ಟೋ ಕೆರೆಗಳಲ್ಲಿ ತುಂಬಿಕೊಂಡಿದೆ. ನಮ್ಮ ವೀಕೆಂಡ್ ಹವ್ಯಾಸಕ್ಕೆ ಅವರ ಕಟ್ಲಾ ಮರಿಗಳ ಮೇವು ಹೋಗಬಾರದು.

ಉಳಿದದ್ದು ನಮ್ಮದೇ ಪಕ್ಕೆ ಮೀನು. ಮಳೆಗಾಲದಲ್ಲಿ ತಾನೇ ಮರಿ ಮಾಡುತ್ತೆ, ಗಾತ್ರವೂ ಕೊರವದ ಬಾಯಿಗೆ ಸರಿ. ಪಕ್ಕೆಗೆ ತೌಡು, ಹಿಂಡಿ ಹಾಕಬೇಕು. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಮರಿಗಳಿಗೆ ಅಡಗೋಕೆ ಜಾಗ ಇರಲ್ಲ, ಒಂದಷ್ಟು ತೆಂಗಿನ ಗರಿ ಮುಳುಗಿಸಬೇಕು. ನೀರು ಹೊರಹೋಗೋ ಕಡೆ ಜಾಲರಿ, ಸುತ್ತ ಬಲೆ. ಮಳೆ ಬಂದರೆ ಕೊರವ ನೆಲದ ಮೇಲೆ ತೆವಳಿಕೊಂಡೇ ಹೋಗಿಬಿಡುತ್ತೆ.

ಕೊನೆಗೆ ನಿಂತ ಲೆಕ್ಕ: ಈ ಮಳೆಗಾಲ ಬರೀ ಪಕ್ಕೆ, ಅದು ಹೆಚ್ಚಿದ ಮೇಲೆ ಹತ್ತೇ ಹತ್ತು ಕೊರವ. ಮಾರಾಟಕ್ಕೇ ಸಾಕಬೇಕಂದ್ರೆ ಗುಳಿಗೆ ಆಹಾರಕ್ಕೆ ಒಗ್ಗಿಸಿದ ಮರಿ ತರಬೇಕು, ಅದರ ಖರ್ಚು, ಕೆಲಸ ಎರಡೂ ಬೇರೆ.

"ಹತ್ತು ಮೀನಿಗೆ ಇಷ್ಟೆಲ್ಲಾನಾ?" ಅಂದ್ರು ಮಾವ. ಹತ್ತಕ್ಕೇ ಇಷ್ಟು ಬೇಕು ಅನ್ನೋದೇ ವಿಷಯ.