ಮನೆಯೊಳಗೆ ನಿಸ್ತಂತು ಜಾಲ: ಕಡಿಮೆ ಖರ್ಚಿನಲ್ಲಿ ಮಾಡಿಕೊಳ್ಳುವ ಬಗೆ



ನಮ್ಮ ಬ್ಲಾಕಿನ ಹಳ್ಳಿಗಳಲ್ಲಿ ಈಗ ಕೈಫೋನು ಇಲ್ಲದ ಮನೆ ಅಪರೂಪ. ಆದರೆ ಆ ಫೋನು ಮನೆಯೊಳಗೆ ಕೆಲಸಕ್ಕೆ ಬರುವುದು ಎಷ್ಟು ಮನೆಗಳಲ್ಲಿ? ಪಹಣಿ ನೋಡಬೇಕಾದರೆ ಊರ ಮುಂದಿನ ಕಟ್ಟೆಗೆ ಬರಬೇಕು. ಮಾರುಕಟ್ಟೆಯ ಧಾರಣೆ ತಿಳಿಯಬೇಕಾದರೆ ಮಾಳಿಗೆ ಹತ್ತಬೇಕು. ಮಕ್ಕಳು ಪಾಠ ನೋಡಬೇಕಾದರೆ ಹುಳುಹುಪ್ಪಟೆ ಓಡಾಡುವ ಕತ್ತಲೆಯಲ್ಲಿ ಹೊಲದ ಬದುವಿನ ಮೇಲೆ ನಿಲ್ಲಬೇಕು. ಈ ತೊಂದರೆಯನ್ನು ಬಹುಮಟ್ಟಿಗೆ ನಿವಾರಿಸಬಹುದು. ಅದಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ಬೇಕಾದುದು ಎರಡೇ: ಪೆಟ್ಟಿಗೆಯನ್ನು ತಕ್ಕ ಸ್ಥಳದಲ್ಲಿ ಇಡುವ ತಿಳಿವಳಿಕೆ, ಮತ್ತು ಅದಕ್ಕೆ ಬೀಗ ಹಾಕುವ ಎಚ್ಚರಿಕೆ.

ನಿಸ್ತಂತು ಜಾಲ ಎಂದರೇನು?

ಇದನ್ನು ಎಲ್ಲರೂ ವೈಫೈ ಎಂದು ಕರೆಯುತ್ತಾರೆ. ಕಾಲುವೆ ಮತ್ತು ತೂಬಿನ ಹೋಲಿಕೆಯಿಂದ ಇದನ್ನು ಸುಲಭವಾಗಿ ತಿಳಿಯಬಹುದು. ಹೊರಗಿನಿಂದ ಬರುವ ಇಂಟರ್‌ನೆಟ್ಟು ಕಾಲುವೆಯ ನೀರು. ಅದು ಟವರಿನಿಂದ ಗಾಳಿಯ ಮೂಲಕ ಬರಬಹುದು, ಇಲ್ಲವೆ ಗಾಜಿನ ಎಳೆಯ ತಂತಿಯ ಮೂಲಕ ಬರಬಹುದು. ರೂಟರ್ ಎಂಬ ಪೆಟ್ಟಿಗೆ ತೂಬು ಇದ್ದ ಹಾಗೆ. ಬಂದ ನೀರನ್ನು ಮನೆಯಲ್ಲಿರುವ ಎಲ್ಲ ಫೋನುಗಳಿಗೂ ಅದು ಹಂಚುತ್ತದೆ. ತೂಬು ಎಷ್ಟು ದೊಡ್ಡದಾಗಿದ್ದರೂ ಕಾಲುವೆಯಲ್ಲಿ ನೀರಿಲ್ಲದಿದ್ದರೆ ಗದ್ದೆ ನೆನೆಯುವುದಿಲ್ಲ. ಆದುದರಿಂದ ಪೆಟ್ಟಿಗೆ ಕೊಳ್ಳುವ ಮೊದಲು ನೀರು ಎಲ್ಲಿಯವರೆಗೆ ಬಂದಿದೆ ಎಂಬುದನ್ನು ನೋಡಬೇಕು.

ಹಿಂದಿನ ಕಾಲದಲ್ಲಿ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಾಗಿತ್ತು. ಇದಕ್ಕೂ ಲೈಸೆನ್ಸ್ ಬೇಕೇ ಎಂದು ಹಿರಿಯರು ಕೇಳುವುದುಂಟು. ಬೇಕಾಗಿಲ್ಲ. ವೈಫೈ ಬಳಸುವ ೨.೪ ಗಿಗಾಹರ್ಟ್ಸ್ ಅಲೆಗಳನ್ನು, ಕಡಿಮೆ ಶಕ್ತಿಯ ಉಪಕರಣಗಳ ಮಟ್ಟಿಗೆ, ಭಾರತ ಸರ್ಕಾರವು ೨೦೦೫ರಲ್ಲಿಯೇ ಲೈಸೆನ್ಸಿನಿಂದ ಮುಕ್ತಗೊಳಿಸಿದೆ.

ಮೊದಲು ಪರೀಕ್ಷೆ, ಆಮೇಲೆ ಖರ್ಚು

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿರೆಂದು ನಾವು ಸದಾ ಹೇಳುತ್ತೇವೆ. ಇಲ್ಲಿಯೂ ಅದೇ ಮಾತು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ಎಂಬಲ್ಲಿ ‘ಸಿಮ್ ಸ್ಟೇಟಸ್’ ತೆರೆದರೆ ಸಿಗ್ನಲ್ಲಿನ ಬಲವು ಡಿಬಿಎಂ ಎಂಬ ಅಂಕಿಯಲ್ಲಿ ಕಾಣುತ್ತದೆ. ಅಂಕಿಯ ಮುಂದೆ ಋಣ ಚಿಹ್ನೆ ಇರುವುದರಿಂದ ಅಂಕಿ ಚಿಕ್ಕದಾದಷ್ಟೂ ಸಿಗ್ನಲ್ಲು ಬಲವಾದುದು. ೪ಜಿ ಫೋನಿನಲ್ಲಿ ಋಣ ೯೦ ಅಥವಾ ಅದಕ್ಕಿಂತ ಚಿಕ್ಕ ಅಂಕಿ ಇದ್ದರೆ ಉತ್ತಮ. ಋಣ ೧೦೫ರ ಆಸುಪಾಸಿನಲ್ಲಿದ್ದರೆ ಸಾಧಾರಣ. ಋಣ ೧೧೫ನ್ನು ದಾಟಿದರೆ ಬಹಳ ದುರ್ಬಲ.

ಈ ಫೋನನ್ನು ಹಿಡಿದು ಮನೆಯ ಪ್ರತಿಯೊಂದು ಕಿಟಕಿ, ಜಗಲಿ, ಅಟ್ಟ, ಕೊಟ್ಟಿಗೆಯ ಬಳಿ ಒಂದೊಂದು ನಿಮಿಷ ನಿಂತು ಅಂಕಿಯನ್ನು ಬರೆದುಕೊಳ್ಳಿರಿ. ನಡುಮನೆಯಲ್ಲಿ ಋಣ ೧೧೮ ಇದ್ದು, ಪೂರ್ವದ ಕಿಟಕಿಯಲ್ಲಿ ಋಣ ೧೦೦ ಇದ್ದರೆ, ನಿಮ್ಮ ತೂಬನ್ನು ಇಡುವ ಸ್ಥಳ ಆ ಕಿಟಕಿಯೇ. ಎರಡು ಕಂಪನಿಗಳ ಸಿಮ್ಮುಗಳು ಮನೆಯಲ್ಲಿದ್ದರೆ ಎರಡನ್ನೂ ಪರೀಕ್ಷಿಸಿರಿ. ಇದಕ್ಕೆ ಒಂದು ಕಾಸೂ ಖರ್ಚಿಲ್ಲ.

ಮೂರು ಮಾರ್ಗಗಳು

ಮೊದಲನೆಯದು, ಹಳೆಯ ಫೋನು. ಮೂಲೆಯಲ್ಲಿ ಬಿದ್ದಿರುವ ೪ಜಿ ಫೋನೊಂದಿದ್ದರೆ ಅದಕ್ಕೆ ಸಿಮ್ ಹಾಕಿ, ಸಿಗ್ನಲ್ ಇರುವ ಕಿಟಕಿಯಲ್ಲಿಟ್ಟು, ‘ಹಾಟ್‌ಸ್ಪಾಟ್’ ಎಂಬುದನ್ನು ಚಾಲೂ ಮಾಡಿರಿ. ಆಗ ಆ ಫೋನೇ ಪೆಟ್ಟಿಗೆಯ ಕೆಲಸ ಮಾಡುತ್ತದೆ. ಒಳಗಿನ ಫೋನುಗಳು ಅದರಿಂದ ಇಂಟರ್‌ನೆಟ್ಟು ಪಡೆಯುತ್ತವೆ. ಆದರೆ ಅದನ್ನು ಬಿಸಿಲಿನಲ್ಲಿ ಇಡಬಾರದು. ಹಗಲೂ ರಾತ್ರಿ ಚಾರ್ಜಿಗೆ ಹಾಕಿ ಬಿಡಲೂಬಾರದು. ಬಿಸಿಯಾದ ಬ್ಯಾಟರಿ ಉಬ್ಬಿ ಅಪಾಯ ತರಬಹುದು. ಬೆಳಿಗ್ಗೆ ಒಂದು ಗಂಟೆ, ಸಂಜೆ ಎರಡು ಗಂಟೆ ಸಾಕೆನ್ನುವ ಮನೆಗಳಿಗೆ ಇದೇ ತಕ್ಕ ಮಾರ್ಗ.

ಎರಡನೆಯದು, ಸಿಮ್ ಹಾಕುವ ೪ಜಿ ರೂಟರ್. ಸುಮಾರು ಎರಡು ಮೂರು ಸಾವಿರ ರೂಪಾಯಿಗೆ ಸಿಗುತ್ತದೆ. ಅಂಗಡಿಯಲ್ಲಿ ಒಂದು ಮಾತು ಗಮನಿಸಿರಿ. ಇನ್ನೂ ಅಗ್ಗದ ರೂಟರ್ ತೋರಿಸಿದರೆ ಅದರಲ್ಲಿ ಸಿಮ್ ಹಾಕುವ ಸಂದು ಇದೆಯೇ ಎಂದು ನೋಡಿಯೇ ಕೊಳ್ಳಬೇಕು. ಸಂದು ಇಲ್ಲದ ಪೆಟ್ಟಿಗೆ ತಂತಿಯ ಸಂಪರ್ಕ ಇರುವವರಿಗೆ ಮಾತ್ರ ಉಪಯೋಗ. ಇನ್ನೊಂದು ಮುಖ್ಯ ವಿಷಯ: ಬ್ಯಾಂಕಿಗೂ ಆಧಾರಿಗೂ ಜೋಡಿಸಿದ ಸಿಮ್ಮನ್ನು ಈ ಪೆಟ್ಟಿಗೆಗೆ ಹಾಕಬೇಡಿರಿ. ಓಟಿಪಿ ಸಂದೇಶ ಆ ಸಿಮ್ಮಿಗೆ ಬರುವುದರಿಂದ ಅದು ಪೆಟ್ಟಿಗೆಯೊಳಗೇ ಉಳಿಯುತ್ತದೆ, ನಿಮ್ಮ ಕೈಗೆ ಸುಲಭವಾಗಿ ಸಿಗುವುದಿಲ್ಲ.

ಮೂರನೆಯದು, ಗಾಜಿನ ಎಳೆಯ ತಂತಿ, ಅಂದರೆ ಫೈಬರ್. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಲುಪಿಸುವ ಯೋಜನೆಗೆ ಕೇಂದ್ರ ಸರ್ಕಾರವು ೨೦೧೧ರಲ್ಲಿ ಒಪ್ಪಿಗೆ ಕೊಟ್ಟಿತು. ಈಗ ಅದಕ್ಕೆ ಭಾರತ್‌ನೆಟ್ ಎಂದು ಹೆಸರು. ನಿಮ್ಮ ಊರಿನಿಂದ ಮನೆಗಳಿಗೆ ಸಂಪರ್ಕ ಕೊಡುತ್ತಿದ್ದಾರೆಯೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿರಿ. ಕೊಡುವವರ ಪೆಟ್ಟಿಗೆಯಲ್ಲಿಯೇ ಸಾಮಾನ್ಯವಾಗಿ ವೈಫೈ ಇರುತ್ತದೆ. ಬೇರೆ ರೂಟರ್ ಕೊಂಡು ಹಣ ಕಳೆಯಬೇಡಿರಿ. ನಾಲ್ಕೈದು ಫೋನುಗಳಿದ್ದು ಪ್ರತಿಯೊಂದಕ್ಕೂ ತಿಂಗಳು ತಿಂಗಳು ದೊಡ್ಡ ರೀಚಾರ್ಜ್ ಮಾಡಿಸುವ ಮನೆಯವರು ಲೆಕ್ಕ ಹಾಕಿ ನೋಡಲಿ. ಒಂದು ಫೈಬರ್ ಸಂಪರ್ಕವನ್ನು ಎಲ್ಲರೂ ಹಂಚಿಕೊಂಡರೆ ಉಳಿತಾಯವಾಗಬಹುದು.

ಪೆಟ್ಟಿಗೆಯನ್ನು ಎಲ್ಲಿಡಬೇಕು?

ದೀಪವನ್ನು ನಡುತೊಲೆಗೆ ತೂಗುಹಾಕಿದರೆ ಮನೆಗೆಲ್ಲ ಬೆಳಕು, ಬೀರುವಿನಲ್ಲಿಟ್ಟರೆ ಬೀರುವಿಗಷ್ಟೇ ಬೆಳಕು. ಈ ಅಲೆಗಳೂ ಹಾಗೆಯೇ. ಹೆಂಚು, ಮರ, ತೆಳುಗೋಡೆಗಳನ್ನು ಅವು ಸಾಕಷ್ಟು ದಾಟುತ್ತವೆ. ದಪ್ಪ ಮಣ್ಣಿನ ಗೋಡೆ, ಕಲ್ಲಿನ ಗೋಡೆಗಳಲ್ಲಿ ಬಹಳ ಕುಗ್ಗುತ್ತವೆ. ಕಬ್ಬಿಣ ಮತ್ತು ತಗಡು ಅವುಗಳನ್ನು ತಡೆದು ಹಿಂದಿರುಗಿಸುತ್ತವೆ. ಆದುದರಿಂದ ಕಬ್ಬಿಣದ ಬೀರುವಿನ ಹಿಂದೆ, ನೀರಿನ ಹಂಡೆಯ ಪಕ್ಕದಲ್ಲಿ, ತಗಡಿನ ಮಾಡಿಗೆ ತಾಗಿದಂತೆ ಅಟ್ಟದಲ್ಲಿ ಪೆಟ್ಟಿಗೆ ಇಡಬಾರದು. ನೆಲದಿಂದ ಆಳೆತ್ತರದಲ್ಲಿ, ಬಯಲಾದ ಜಾಗದಲ್ಲಿ ಇಡಬೇಕು.

ಸಿಮ್ ಪೆಟ್ಟಿಗೆಯಾದರೆ ಪರೀಕ್ಷೆಯಲ್ಲಿ ಕಂಡ ಕಿಟಕಿಯೇ ಅದರ ಸ್ಥಾನ. ಫೈಬರ್ ಪೆಟ್ಟಿಗೆಯಾದರೆ ಮನೆಯ ನಡುಭಾಗ ಉತ್ತಮ. ತಂತಿ ಹಾಕಲು ಬಂದವರು ಬಾಗಿಲ ಪಕ್ಕದಲ್ಲೇ ಮೊಳೆ ಹೊಡೆದು ಹೋಗುತ್ತಾರೆ. ‘ಒಳಗಿನವರೆಗೆ ಎಳೆಯಿರಿ’ ಎಂದು ನೀವೇ ಹೇಳಬೇಕು.

ಕೆಲವು ಪೆಟ್ಟಿಗೆಗಳಲ್ಲಿ ೨.೪ ಮತ್ತು ೫ ಗಿಗಾಹರ್ಟ್ಸ್ ಎಂದು ಎರಡು ಬಗೆಯ ಅಲೆಗಳಿರುತ್ತವೆ. ೫ರದು ಹೆಚ್ಚು ವೇಗ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಗೋಡೆಗಳು ಹೆಚ್ಚಿರುವ ನಮ್ಮ ಮನೆಗಳಿಗೆ ೨.೪ ಸಾಕು.

ಬೀಗ ಹಾಕುವುದನ್ನು ಮರೆಯಬೇಡಿರಿ

ಬಾಗಿಲು ತೆರೆದ ಜಾಲವು ಬೇಲಿಯಿಲ್ಲದ ಹೊಲದಂತೆ. ದನ ಯಾರದೋ ನುಗ್ಗಬಹುದು, ನಷ್ಟ ಮಾತ್ರ ನಿಮ್ಮದು. ನಿಮ್ಮ ಸಂಪರ್ಕದ ಮೂಲಕ ಬೇರೊಬ್ಬನು ಮೋಸದ ಕೆಲಸ ಮಾಡಿದರೆ ವಿಚಾರಣೆ ಮೊದಲು ಬರುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೆ. ಆದುದರಿಂದ ಮೊದಲ ದಿನವೇ ಈ ನಾಲ್ಕು ಕೆಲಸ ಮಾಡಿರಿ:

೧. ಪೆಟ್ಟಿಗೆಯ ಸೆಟ್ಟಿಂಗಿನಲ್ಲಿ ಭದ್ರತೆಯ ಬಗೆಯನ್ನು ಡಬ್ಲ್ಯುಪಿಎ೨ ಅಥವಾ ಡಬ್ಲ್ಯುಪಿಎ೩ ಎಂದು ಆರಿಸಿರಿ. ಡಬ್ಲ್ಯುಇಪಿ ಎಂಬುದು ಹಳೆಯದು, ಸುಲಭವಾಗಿ ಮುರಿಯುವಂಥದು. ‘ಓಪನ್’ ಎಂದರೆ ಬೀಗವೇ ಇಲ್ಲ.

೨. ಪಾಸ್‌ವರ್ಡ್ ೧೨ ಅಕ್ಷರಗಳಿಗೆ ಕಡಿಮೆ ಇರಬಾರದು. ಮನೆಯ ಹೆಸರು, ಫೋನ್ ನಂಬರು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಪದಗಳನ್ನು ಅಂಕಿಗಳೊಡನೆ ಸೇರಿಸಿದರೆ ನೆನಪಿಗೂ ಸುಲಭ, ಕಳ್ಳನಿಗೂ ಕಷ್ಟ.

೩. ಪೆಟ್ಟಿಗೆಯ ಒಳಗನ್ನು ತೆರೆಯುವ ‘ಅಡ್ಮಿನ್’ ಪಾಸ್‌ವರ್ಡ್ ಬೇರೆ ಇರುತ್ತದೆ. ಅದನ್ನೂ ಬದಲಾಯಿಸಿರಿ.

೪. ‘ಡಬ್ಲ್ಯುಪಿಎಸ್’ ಎಂಬ ಸೌಕರ್ಯವಿದ್ದರೆ ಆರಿಸಿಬಿಡಿರಿ.

ಎರಡು ಪಾಸ್‌ವರ್ಡುಗಳನ್ನೂ ಪಟ್ಟಾ ಪುಸ್ತಕ ಇಡುವ ಜಾಗದಲ್ಲಿ ಬರೆದಿಡಿರಿ. ಗೋಡೆಯ ಮೇಲೆ ಬರೆಯಬೇಡಿರಿ.

ವಿದ್ಯುತ್ತು ಮತ್ತು ಸಿಡಿಲು

ಇಂಥ ಪೆಟ್ಟಿಗೆ ಬಹಳವಾಗಿ ೧೨ ವೋಲ್ಟಿನದು. ೧೦ ವಾಟ್ ಎಂದಿಟ್ಟುಕೊಂಡರೆ ಹಗಲೂ ರಾತ್ರಿ ಉರಿದರೂ ತಿಂಗಳಿಗೆ ಸುಮಾರು ೭ ಯೂನಿಟ್ ಮಾತ್ರ. ಕರೆಂಟು ಪದೇಪದೇ ಹೋಗುವ ಊರಿನವರು ೧೨ ವೋಲ್ಟಿನ ಚಿಕ್ಕ ಯುಪಿಎಸ್ ಇಟ್ಟುಕೊಂಡರೆ ಕೆಲವು ಗಂಟೆ ನಡೆಯುತ್ತದೆ.

ಗುಡುಗು ಕೇಳಿಸಿದೊಡನೆ ಪ್ಲಗ್ಗನ್ನು ಕಿತ್ತಿಡಿರಿ. ಸಿಡಿಲು ಪೆಟ್ಟಿಗೆಯನ್ನು ಕೆಡಿಸುವುದು ಹೆಚ್ಚಾಗಿ ವಿದ್ಯುತ್ ತಂತಿಯ ಮೂಲಕ. ಫೈಬರಿನ ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ. ಆದರೆ ಬಲಕ್ಕಾಗಿ ಅದರೊಡನೆ ಉಕ್ಕಿನ ತಂತಿ ಇರುವುದುಂಟು, ಅದು ಒಯ್ಯುತ್ತದೆ. ಸಿಡಿಲಿನ ಹೊತ್ತಿನಲ್ಲಿ ಅದನ್ನು ಮುಟ್ಟಬಾರದು.

ಜಾಲದಿಂದ ಆಗುವುದು, ಆಗದಿರುವುದು

ಹವಾಮಾನ ಇಲಾಖೆಯವರು ೨೦೧೯ರಲ್ಲಿ ಹೊರತಂದ ಮೇಘದೂತ್ ಆ್ಯಪಿನಲ್ಲಿ ಮಳೆಯ ಮುನ್ಸೂಚನೆ ನೋಡುವುದು, ಭೂಮಿ ತಾಣದಲ್ಲಿ ಪಹಣಿ ನೋಡುವುದು, ಧಾರಣೆ ತಿಳಿಯುವುದು, ಇವೆಲ್ಲಕ್ಕೂ ತಗಲುವ ಡೇಟಾ ಅತ್ಯಲ್ಪ. ಡೇಟಾ ನುಂಗುವುದು ವಿಡಿಯೋ. ಸಿಮ್ ಪೆಟ್ಟಿಗೆಯವರು ವಿಡಿಯೋವನ್ನು ಕೆಳಗಿನ ದರ್ಜೆಯ ಸ್ಪಷ್ಟತೆಯಲ್ಲಿ ನೋಡಿದರೆ ದಿನದ ಪಾಲು ಸಂಜೆಯವರೆಗೂ ಉಳಿಯುತ್ತದೆ.

ಒಂದು ಮಾತನ್ನು ಮೊದಲೇ ತಿಳಿದಿರಬೇಕು. ವೈಫೈ ತರುವುದು ಇಂಟರ್‌ನೆಟ್ಟನ್ನು. ಸಿಗ್ನಲ್ಲೇ ಇಲ್ಲದ ಕೋಣೆಯಲ್ಲಿ ಸಾಮಾನ್ಯ ಕರೆ ಮತ್ತು ಓಟಿಪಿ ಸಂದೇಶಗಳು ಅದರಿಂದ ತಾವಾಗಿ ಬರುವುವೆಂದು ನಂಬಿ ಕೂರಬೇಡಿರಿ. ಫೋನಿನ ಸೆಟ್ಟಿಂಗಿನಲ್ಲಿ ‘ವೈಫೈ ಕಾಲಿಂಗ್’ ಇದ್ದು, ನಿಮ್ಮ ಸಿಮ್ ಕಂಪನಿಯೂ ಅದನ್ನು ಕೊಡುತ್ತಿದ್ದರೆ, ಅದನ್ನು ಚಾಲೂ ಮಾಡಿರಿ. ಆಗ ಕರೆಗಳು ವೈಫೈ ಮೂಲಕ ಬರುತ್ತವೆ. ರಾತ್ರಿ ಮಗುವಿಗೆ ಜ್ವರ ಬಂದಾಗ ಆಂಬ್ಯುಲೆನ್ಸಿಗೆ ಕರೆ ಮಾಡಲು ಮಾತ್ರ ಇದೊಂದನ್ನೇ ನಂಬದೆ, ಸಿಗ್ನಲ್ ಸಿಗುವ ಕಿಟಕಿ ಯಾವುದೆಂದು ಮನೆಯವರೆಲ್ಲರಿಗೂ ತಿಳಿದಿರಲಿ.

ಈ ವಿದ್ಯೆ ಮನೆಯ ಗಂಡಸರೊಬ್ಬರಲ್ಲೇ ನಿಲ್ಲಬಾರದು. ಪೆಟ್ಟಿಗೆಯನ್ನು ಆರಿಸಿ ಹೊತ್ತಿಸುವುದು, ಪಾಸ್‌ವರ್ಡ್ ಹಾಕುವುದು ಹೆಣ್ಣುಮಕ್ಕಳಿಗೂ ಗೊತ್ತಿರಬೇಕು. ನೀವು ಹೊಲದಲ್ಲಿರುವಾಗ ಮನೆಯಲ್ಲಿ ಇರುವವರು ಅವರೇ. ಮೊದಲ ಹೆಜ್ಜೆಯಾಗಿ ಈ ವಾರ ಸಿಗ್ನಲ್ ಪರೀಕ್ಷೆ ಮಾಡಿ ಅಂಕಿಗಳನ್ನು ಚೀಟಿಯಲ್ಲಿ ಬರೆದಿಡಿರಿ. ನಿಮ್ಮ ಊರಿಗೆ ನಾನು ಬಂದಾಗ ಆ ಚೀಟಿ ತೋರಿಸಿರಿ. ಯಾವ ಮಾರ್ಗ ನಿಮ್ಮ ಮನೆಗೆ ಹೊಂದುವುದೆಂದು ಕೂಡಿ ಯೋಚಿಸೋಣ. ಅಲ್ಲಿಯವರೆಗೆ ಯಾವ ಪೆಟ್ಟಿಗೆಯನ್ನೂ ಕೊಳ್ಳಬೇಡಿರಿ.